ಒಂದು ಮೊರ ತೌಡು

ನನಗಿಂತ ಮೊದಲು ಹುಟ್ಟಿದ ಮೂರೂ ಉಳಿಯದೆ
ನಾಲ್ಕನೆಯ ನನ್ನನ್ನು ಅವ್ವ
ಹಿತ್ತಲ ತಿಪ್ಪೆಯ ಮೇಲೆ ಇಟ್ಟಳಂತೆ.
ಓಣಿಯ ಕಾಟಮ್ಮಜ್ಜಿ ಎತ್ತಿಕೊಂಡು
'ನನಗೆ ಸಿಕ್ಕಿದ್ದು, ನಂದು' ಅಂದು
ಒಂದು ಮೊರ ತೌಡಿಗೆ
ವಾಪಸ್ಸು ಅವ್ವನಿಗೇ ಮಾರಿದಳಂತೆ.
ಸಾವಿಗೆ ಲೆಕ್ಕ ತಪ್ಪಿಸೋ ವ್ಯಾಪಾರ.
ಹೆಸರು ತಿಪ್ಪಮ್ಮ.

ಈಗ ತೌಡಿನ ರೇಟು ಕೇಳಿದಾಗೆಲ್ಲ
ನನ್ನ ಬೆಲೆ ಏರಿತು ಅಂತ ನಗ್ತೀನಿ.

ಆನಗೋಡಿನ ಆಚೆ, ಹೈವೇಗೆ ಬೆನ್ನು ಮಾಡಿ
ತಗಡಿನ ಶೆಡ್ಡು, ಆರುನೂರು ಕೋಳಿ.
ಮೆಕ್ಕೆಜೋಳಕ್ಕೇನು ಬರ, ಸುತ್ತ ಅದೇ.
ಅದರಿಂದ ಹೊಟ್ಟೆ ತುಂಬುತ್ತೆ, ಬುಟ್ಟಿ ತುಂಬಲ್ಲ.
ಮೊಟ್ಟೆಗೆ ಬೇರೆ ಕಸುವು ಬೇಕು.
ಸೋಯಾ ಹಿಂಡಿ ಬಂದಾಗೆಲ್ಲ
ಲಾರಿಗಿಂತ ಮೊದಲು ಬೆಲೆ ಬಂದು ನಿಂತಿರುತ್ತೆ.
ಒಣಮೀನಿನ ಪುಡಿ ಹಾಕಿದ ವರ್ಷ
ನಾನು ಕಾಣದ ಸಮುದ್ರ
ಆಮ್ಲೆಟ್ಟಿನಲ್ಲಿ ನಾರಿತು.

'ಹುಳ ಸಾಕಿ' ಅಂದಳು ತರಬೇತಿಯ ಹುಡುಗಿ.
ಹೆಸರು ಬರೆದುಕೊಳ್ಳುವಾಗ ತುಟಿ ಕಚ್ಚಿ ನಗು ತಡೆದಳು.
ನಗಲಿ ಬಿಡು, ತಿಪ್ಪಮ್ಮನ ಹತ್ತಿರ ಹುಳ ಅಲ್ಲದೆ
ರೇಷ್ಮೆ ಸೀರೆ ಮಾತಾಡಕ್ಕಾಗುತ್ತಾ.

ಅವ್ವನಿಗೆ ಇದು ಹೊಸದಲ್ಲ.
ಒಡಕು ಮಡಕೆಗೆ ಸಗಣಿ, ಸಜ್ಜೆ ದಂಟು ತುರುಕಿ
ನೀರು ಚಿಮುಕಿಸಿ
ಸಂಜೆ ಹುತ್ತದ ಬಾಯಿಗೆ ಬೋರಲು ಹಾಕೋಳು,
ಕೈ ಮುಗಿದು, ಆಮೇಲೆ ಕದಿಯೋಳು.
ಬೆಳಗ್ಗೆ ಮಡಕೆ ತುಂಬ ಗೆದ್ದಲು.
ಹೇಂಟೆ ಕರೆಯೋ ಮುಂಚೆ ಮರಿಗಳೇ ಓಡಿಬರ್ತಿದ್ದವು,
ಒಂದರ ಮೇಲೊಂದು ಬಿದ್ದು.

ನನ್ನದು ನೀಲಿ ಟಬ್ಬು.
ರಾತ್ರಿ ಹತ್ತಕ್ಕೆ ದಾವಣಗೆರೆಯಿಂದ
ಖುದ್ದೂಸನ ಲಗೇಜ್ ಆಟೋ ಬರುತ್ತೆ:
ಬೆಣ್ಣೆದೋಸೆ ಹೋಟೆಲಿನ ಆಲೂ ಸಿಪ್ಪೆ,
ಹುಳಿ ಮೀರಿದ ಹಿಟ್ಟು, ಎಲೆಯಲ್ಲೇ ಉಳಿದ ಚಟ್ನಿ,
ಭಟ್ಟಿಯಲ್ಲಿ ಸೀದ ಮಂಡಕ್ಕಿ.
ಊರು ಉಂಡು ಬಿಟ್ಟದ್ದು ಡ್ರಮ್ಮಿನಲ್ಲಿ ತುಳುಕ್ತಾ.
ಸುರಿದು, ದೀಪ ಆರಿಸಿ ಕೇಳಬೇಕು,
ಸಾವಿರಾರು ಹುಳ ಒಟ್ಟಿಗೆ ತಿನ್ನೋ ಸದ್ದು
ಒಗ್ಗರಣೆ ಬಿದ್ದ ಮಂಡಕ್ಕಿಯನ್ನು
ಯಾರೋ ಬೋಗುಣಿಯಲ್ಲಿ ಕಲಸಿದ ಹಾಗೆ.

ಇದರ ನೊಣಕ್ಕೆ ಉಣ್ಣೋ ಬಾಯಿಲ್ಲ.
ಹುಳುವಾಗಿದ್ದಾಗ ಉಂಡದ್ದೇ ಉಂಡದ್ದು.
ರೆಕ್ಕೆ ಬಂದ ಮೇಲೆ ಒಂದು ವಾರ:
ಬಿಸಿಲು, ಜೋಡಿ, ಹಲಗೆ ಸಂದಿಯಲ್ಲಿ ಮೊಟ್ಟೆ.
ಅನ್ನದ ಮೇಲೆ ಕೂರಲ್ಲ, ಕಿವಿ ಹತ್ತಿರ ಹಾಡಲ್ಲ.
ನೆಂಟರಿಗಿಂತ ವಾಸಿ.

ಒಂದು ರಾತ್ರಿ ಜಡಿಮಳೆ, ಮುಚ್ಚಳ ಮರೆತಿದ್ದೆ.
ಬೆಳಗ್ಗೆ ಗೋಡೆ ಉಸಿರಾಡ್ತಿತ್ತು.
ಪಕ್ಕದ ಮನೆ ಗೌರಜ್ಜಿಯ ಹೊಸಲಿನ ತನಕ
ಬಿಳಿ ಮೆರವಣಿಗೆ.
ಕೋಳಿ ಬಿಟ್ಟೆ. ಕಾಫಿ ಕುದಿಯೋದರೊಳಗೆ
ಅಂಗಳ ತೊಳೆದ ಹಾಗಾಯ್ತು,
ಆದರೆ ಬಾಯಿಗಳು ಅಷ್ಟು ಬೇಗ ಮುಚ್ಚಲಿಲ್ಲ.
ಹುಳದ ಮೊಟ್ಟೆ ಅಂತ ಅಂಗಡಿಯವರು ಬೇಡ ಅಂದರು.
ಹದಿನೇಳು ದಿನ ಟ್ರೇ ಮೇಲೆ ಟ್ರೇ.
ನಾವೇ ತಿಂದ್ವಿ, ಹಂಚಿದ್ವಿ, ಖುದ್ದೂಸನ ಮಕ್ಕಳು
ಮೊಟ್ಟೆ ಅಂದರೆ ಓಡಿಹೋಗೋ ಹಾಗೆ ಕೊಟ್ವಿ.
ಕೊನೆಗೆ ಸಂತೆಯಲ್ಲಿ ನಿಂತು ಕೇಳಿಬಿಟ್ಟೆ:
ನಾಟಿ ಮೊಟ್ಟೆಗೆ ಎರಡರಷ್ಟು ಕೊಡ್ತೀರಲ್ಲಪ್ಪ,
ಅದು ನಿಮ್ಮ ತಿಪ್ಪೆ ಕೆದಕಿ ತಿನ್ನೋದು
ಕೇಸರಿಬಾತಾ?
ಒಬ್ಬ ನಕ್ಕ. ಒಂದು ಡಜನ್ ಹೋಯ್ತು.

ನಗು ಬಾರದ್ದು ಒಂದೈತೆ.
ಬಲಿತ ಹುಳ ತಾನಾಗೇ ಕರ್ರಗಾಗುತ್ತೆ,
ಊಟ ಬಿಡುತ್ತೆ,
ಒಣ ಜಾಗ ಹುಡುಕಿ ಏರು ಹತ್ತುತ್ತೆ.
ಏರು ನಾನೇ ಕೂರಿಸಿದ್ದು.
ತುದಿಯಲ್ಲಿ ಬಕೆಟ್ಟು.
ಬೆಳಗಿನ ಜಾವ ಐದಕ್ಕೆ ಅಲ್ಲೇ ಕೂತಿರ್ತೀನಿ.
ಟಪ್, ಸ್ವಲ್ಪ ಹೊತ್ತು ಬಿಟ್ಟು ಟಪ್.
ರೆಕ್ಕೆ ಕಡೆಗೇ ಹೊರಟಿರ್ತಾವೆ ಪಾಪ,
ನನಗೆ ಗೊತ್ತು, ಅವಕ್ಕೆ ಗೊತ್ತಿಲ್ಲ.

ಬೀಜಕ್ಕೆ ಅಂತ ಪ್ರತಿ ಬಕೆಟ್ಟಿನಿಂದ ಒಂದು ಹಿಡಿ ಎತ್ತಿಡಬೇಕು.
ತೋರಾದ್ದು ನೋಡಿ ಆರಿಸು ಅಂದಿದ್ದಳು ಆ ಹುಡುಗಿ.
ನಾನು ಆರಿಸಲ್ಲ.
ಕತ್ತಲಲ್ಲೇ ಕೈ ಹಾಕ್ತೀನಿ,
ಸಿಕ್ಕಿದ್ದು ಸಿಕ್ಕ ಹಾಗೆ
ಒಣ ತೌಡಿನ ಮೊರಕ್ಕೆ.
ಅಷ್ಟರಲ್ಲಿ ಶೆಡ್ಡಿನಲ್ಲಿ ಒಂದು ಕೆಮ್ಮುತ್ತೆ, ಇನ್ನೊಂದು ಕೂಗುತ್ತೆ,
ಎದ್ದು ಬಕೆಟ್ಟು ಎತ್ತಬೇಕು.